ಸಮಾನತೆಯ ಪಾಠ ಹಾಜರಿ ಪುಸ್ತಕದಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಜೊತೆಗೆ ಸಂವಿಧಾನದ ಪೀಠಿಕೆಯನ್ನೂ ಓದಿಸಲಾಗುತ್ತಿದೆ. ಇದು ಒಳ್ಳೆಯ ಕ್ರಮ. ಆದರೆ 31 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ, ಬಹುಪಾಲು ಒಂದರಿಂದ ಮೂರನೇ ತರಗತಿಯ ಮಕ್ಕಳೊಂದಿಗೆ ಕಳೆದ ನಾನು ಕಂಡಂತೆ, ಆ ವಯಸ್ಸಿನವರು ಸಮಾನತೆಯನ್ನು ಕಲಿಯುವುದು ಬಾಯಿಪಾಠದಿಂದಲ್ಲ. ಪ್ರಾರ್ಥನೆ ಮುಗಿಸಿ ಒಳಗೆ ಬಂದ ಮೇಲೆ ಟೀಚರ್ ಯಾರ ಹೆಸರನ್ನು ಮೊದಲು ಕೂಗುತ್ತಾರೆ, ಯಾರ ಕೈಗೆ ಪೊರಕೆ ಕೊಡುತ್ತಾರೆ ಎಂಬುದನ್ನು ನೋಡಿ ಕಲಿಯುತ್ತಾರೆ.

ನನ್ನ ಹಾಜರಿ ಪುಸ್ತಕದಲ್ಲಿಯೂ ಬಹಳ ವರ್ಷ ಗಂಡುಮಕ್ಕಳ ಹೆಸರು ಮೊದಲು, ಹೆಣ್ಣುಮಕ್ಕಳದು ಆಮೇಲೆ ಇತ್ತು. ತರಗತಿ ಗುಡಿಸುವುದು ಹುಡುಗಿಯರ ಕೆಲಸ ಎಂದು ನಾನು ಯಾವತ್ತೂ ಹೇಳಿರಲಿಲ್ಲ, ಆದರೆ ದಿನವೂ ಅವರನ್ನೇ ಕರೆಯುತ್ತಿದ್ದೆ. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ಪೊರಕೆ ಹಿಡಿದುಕೊಂಡೇ, "ಮಿಸ್, ಗಂಡುಮಕ್ಕಳಿಗೆ ಗುಡಿಸೋಕೆ ಬರಲ್ವಾ?" ಎಂದು ಕೇಳಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಎಲ್ಲರ ಹೆಸರನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಬರೆದು ಸರದಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದೆ. ವಾರದೊಳಗೆ ಹುಡುಗನೊಬ್ಬನ ಅಜ್ಜಿ ಬಾಗಿಲಿಗೆ ಬಂದು, "ನಮ್ಮ ಹುಡುಗನ ಕೈಲಿ ಕಸ ಗುಡಿಸ್ತೀರೇನಮ್ಮಾ" ಎಂದು ಬೇಸರಪಟ್ಟುಕೊಂಡರು. ಎಲ್ಲರ ಸರದಿಯೂ ಬರುತ್ತದೆ ಎಂದಷ್ಟೇ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಪಟ್ಟಿಯನ್ನು ನಾನು ತೆಗೆಯಲಿಲ್ಲ.

ಎಲ್ಲರಿಗೂ ಒಂದೇ ರೀತಿ ಕೊಟ್ಟರೆ ನ್ಯಾಯವಾಯಿತು ಎಂದು ಮಕ್ಕಳು ಮೊದಮೊದಲು ಎಣಿಸುವುದು ಸಹಜ. ನಮ್ಮ ಶಾಲೆಯ ನೀರಿನ ಡ್ರಮ್ಮಿನ ನಲ್ಲಿ ಸ್ವಲ್ಪ ಎತ್ತರದಲ್ಲಿತ್ತು. ತೀರಾ ಕುಳ್ಳಗಿದ್ದ ಹುಡುಗನಿಗೆಂದು ಸ್ಟೂಲ್ ಇಟ್ಟಾಗ, "ಅವನಿಗೆ ಮಾತ್ರ ಯಾಕೆ?" ಎಂದು ಒಬ್ಬ ಜಗಳಕ್ಕೇ ನಿಂತ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದವಳು, "ಅವನಿಗೆ ಎಟುಕಲ್ಲ ಅಲ್ವೇನೋ" ಎಂದಳು. ಅಲ್ಲಿಗೆ ಮಾತು ಮುಗಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಇದೇ ವಿವೇಕವಿದೆ. ಪಾಠಗಳನ್ನು ಹಂತಹಂತವಾಗಿ ಜೋಡಿಸಿದ ಕಲಿಕಾ ಏಣಿಯನ್ನು ಮಗು ತನ್ನ ವೇಗದಲ್ಲಿಯೇ ಹತ್ತುತ್ತದೆ, ಶಿಕ್ಷಕರ ನೆರವು ಹೆಚ್ಚು ಬೇಕಾದ ಮಗು ಗುಂಪಿನ ಗುರುತಾದ ಒಂದು ತಟ್ಟೆಯ ಸುತ್ತ, ತಾನೇ ಕಲಿಯಬಲ್ಲ ಮಗು ಇನ್ನೊಂದರ ಸುತ್ತ ಕೂರುತ್ತದೆ. ಆದರೆ "ಇದು ದಡ್ಡರ ತಟ್ಟೆ" ಎಂಬ ಮಾತು ಶಿಕ್ಷಕರ ಬಾಯಿಂದ ಒಮ್ಮೆ ಬಂದರೂ ಸಾಕು, ಇಡೀ ಪದ್ಧತಿ ತಲೆಕೆಳಗಾಗುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಿದ್ಯಾರ್ಥಿವೇತನದ ಅರ್ಜಿಯ ದಿನಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಗುರುತಿನ ಸಂಖ್ಯೆಯಾದ ಆರ್‌ಡಿ ಸಂಖ್ಯೆ ಬೇಗ ಸಂಗ್ರಹಿಸಬೇಕೆಂಬ ಒತ್ತಡದಲ್ಲಿ, ಇಂತಿಂಥ ವರ್ಗದ ಮಕ್ಕಳು ಎದ್ದು ನಿಲ್ಲಿ ಎಂದು ತುಂಬಿದ ತರಗತಿಯಲ್ಲಿ ಕೂಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಎದ್ದು ನಿಂತ ಆರು ವರ್ಷದ ಮಗುವೊಂದು ತನ್ನ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಸುತ್ತ ನೋಡುತ್ತಿದ್ದುದು ಇನ್ನೂ ನನ್ನ ಕಣ್ಣಮುಂದಿದೆ. ಅದುವರೆಗೆ ಒಂದೇ ಚಾಪೆಯ ಮೇಲೆ ಕುಳಿತಿದ್ದವರಿಗೆ ತಮ್ಮ ನಡುವೆ ಭೇದವಿದೆ ಎಂದು ತೋರಿಸಿಕೊಟ್ಟದ್ದು ಆ ಭೇದವನ್ನು ಅಳಿಸಲೆಂದೇ ಬಂದ ಸೌಲಭ್ಯದ ಹೆಸರಿನಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇಂಥ ಕರೆಯನ್ನು ಆ ಕಣ್ಣಿನಿಂದ ನೋಡುವ ಅಗತ್ಯವಿದೆ.

ಈ ಮಾಹಿತಿಯನ್ನು ಪೋಷಕರಿಂದಲೇ, ದಾಖಲಾತಿಯ ಸಮಯದಲ್ಲಿ ಅಥವಾ ಪೋಷಕರ ಸಭೆಯ ದಿನ ಕಚೇರಿ ಕೋಣೆಯಲ್ಲಿ ಪಡೆಯಬಹುದು. ಹೆಚ್ಚುವರಿ ಖರ್ಚೇನೂ ಇಲ್ಲ. ಶಿಕ್ಷಣ ಇಲಾಖೆ ಈ ಕುರಿತು ಸ್ಪಷ್ಟ ಸೂಚನೆ ನೀಡಬೇಕೆಂದೂ, ಸುತ್ತಮುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಹಾಜರಿಯ ಕ್ರಮ, ಗುಡಿಸುವ ಸರದಿ, ಬಿಸಿಯೂಟದ ಪಂಕ್ತಿ ಇವುಗಳನ್ನೂ ಚರ್ಚೆಗೆ ತರಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ