ಕಸೋರ್ಲಾ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ಸ್ಪೇನಿನ ಫುಟ್‌ಬಾಲ್ ಆಟಗಾರ ಸಾಂಟಿ ಕಸೋರ್ಲಾ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಓದಿಸಿಕೊಂಡು ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನ ಮೊದಲ ಸಾಲೇ ಆಪರೇಷನ್ ಥಿಯೇಟರಿನಲ್ಲಿದೆ. ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಕಾಲು ಕೊಳೆತಿದೆ, ಡಾಕ್ಟರು ಕೈಚೆಲ್ಲಿದ್ದಾರೆ, ಓದುಗ ಕಣ್ಣೊರೆಸಿಕೊಳ್ಳಲು ತಯಾರಾಗಿದ್ದಾನೆ. ಇಷ್ಟು ಹೊತ್ತಾದರೂ ನಿನ್ನ ಕಸೋರ್ಲಾ ಒಂದು ಸಲವೂ ಚೆಂಡು ಮುಟ್ಟಿಲ್ಲ! ಅವನು ಎಂಥ ಆಟಗಾರ ಅಂತ ತಿಳಿಯದವರಿಗೆ ಅವನು ಕಳೆದುಕೊಂಡದ್ದೇನು ಅಂತ ಹೇಗೆ ತಿಳಿಯಬೇಕು ಹೇಳು?

ಅದಕ್ಕೇ ಆಟದಿಂದ ಶುರು ಮಾಡು. ನೀನು ‘ಎರಡೂ ಕಾಲಿನ ಮಾಂತ್ರಿಕ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಒಂದು ಬದಿಯ ಕಾರ್ನರನ್ನು ಬಲಗಾಲಿನಲ್ಲಿ, ಇನ್ನೊಂದು ಬದಿಯದ್ದನ್ನು ಎಡಗಾಲಿನಲ್ಲಿ ಒದೆಯುವ ಆಟಗಾರರು ಎಷ್ಟು ಜನ ಸಿಗುತ್ತಾರೆ? ಅದರಿಂದ ಏನು ಲಾಭ ಅಂತ ಬಿಡಿಸಿ ಹೇಳು. ಎದುರಾಳಿ ಡಿಫೆಂಡರ್ ಸಾಮಾನ್ಯವಾಗಿ ಏನು ಮಾಡುತ್ತಾನೆ? ಮಿಡ್‌ಫೀಲ್ಡರನ್ನು ಅವನ ದುರ್ಬಲ ಕಾಲಿನ ಕಡೆಗೆ ತಳ್ಳುತ್ತಾನೆ. ಅವನು ಚೆಂಡನ್ನು ಒಳ್ಳೆಯ ಕಾಲಿಗೆ ತಂದುಕೊಳ್ಳಲು ಇನ್ನೊಂದು ಟಚ್ ತೆಗೆದುಕೊಳ್ಳಬೇಕು. ಆ ಅರೆಗಳಿಗೆಯಲ್ಲಿ ಚೆಂಡು ಕಸಿಯಬಹುದು. ಕಸೋರ್ಲಾನಿಗೆ ಆ ಇನ್ನೊಂದು ಟಚ್ ಬೇಕಾಗಿಯೇ ಇಲ್ಲ. ಎತ್ತರ 1.68 ಮೀಟರ್, ಮೈಕಟ್ಟು ಅಷ್ಟಕ್ಕಷ್ಟೇ. ಆದರೂ ನಡು ಮೈದಾನದ ನೂಕುನುಗ್ಗಲಿನಲ್ಲಿ ಅವನಿಂದ ಚೆಂಡು ಕಸಿಯುವುದು ಕಷ್ಟವಾಗಿದ್ದಕ್ಕೆ ಇದೂ ಒಂದು ಕಾರಣ. ಎರಡೇ ಸಾಲಿನಲ್ಲಿ ಇಷ್ಟು ಹೇಳಿಬಿಟ್ಟರೆ ಫುಟ್‌ಬಾಲ್ ನೋಡದ ಅಮ್ಮನಿಗೂ ಅರ್ಥವಾಗುತ್ತದೆ. ‘ಮಾಂತ್ರಿಕ’ ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಆಮೇಲೆ ಒಂದು ಪಂದ್ಯ ಹಿಡಿದುಕೋ. ಹತ್ತು ಪಂದ್ಯಗಳ ಸ್ಕೋರ್ ಹೇಳಬೇಡ. 2014ರಲ್ಲಿ ಇಂಗ್ಲೆಂಡಿನ ಎಫ್ಎ ಕಪ್ ಫೈನಲನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದ್ದೇ. ಹತ್ತು ನಿಮಿಷ ಆಗುವ ಮೊದಲೇ ಹಲ್ ಸಿಟಿ 2-0 ಮುಂದಿತ್ತು. ಕಸೋರ್ಲಾ ಆಗ ಆಡುತ್ತಿದ್ದ ಲಂಡನ್ ಕ್ಲಬ್ ಆರ್ಸೆನಲ್ ಒಂದು ಕಪ್ ಗೆದ್ದು ಒಂಬತ್ತು ವರ್ಷವಾಗಿತ್ತು. 17ನೇ ನಿಮಿಷದಲ್ಲಿ ಕಸೋರ್ಲಾನ ಫ್ರೀಕಿಕ್ ನೇರ ಗೋಲಿಗೆ ಹೋಯಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಆರ್ಸೆನಲ್ 3-2 ಗೆದ್ದಿತು. ಚೆನ್ನಾಗಿದೆ. ಆದರೆ ನಾನಾಗಿದ್ದರೆ 2015ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮನೆಯಲ್ಲೇ ನಡೆದ ಪಂದ್ಯ ಆರಿಸಿಕೊಳ್ಳುತ್ತಿದ್ದೆ. ಅದುವರೆಗೆ ಕಸೋರ್ಲಾ ಜಾಸ್ತಿ ಆಡಿದ್ದು ಅಂಚಿನಲ್ಲಿ, ಇಲ್ಲವೇ ಸ್ಟ್ರೈಕರ್ ಹಿಂದೆ. ಕೋಚ್ ಆರ್ಸೆನ್ ವೆಂಗರ್ ಅವನನ್ನು ಹಿಂದಕ್ಕೆಳೆದು ನಡು ಮೈದಾನಕ್ಕೆ ಹಾಕಿದ್ದರು. ಪಕ್ಕದಲ್ಲಿ ಓಡಿ ಓಡಿ ಚೆಂಡು ಕಸಿಯಲು ಫ್ರಾನ್ಸಿಸ್ ಕೊಕ್ಲಾನ್. ಅವತ್ತು ಸಿಟಿಯೇ ಹೆಚ್ಚು ಹೊತ್ತು ಚೆಂಡು ಇಟ್ಟುಕೊಂಡಿತ್ತು. ಗೆದ್ದದ್ದು ಆರ್ಸೆನಲ್, 2-0. ಮೊದಲ ಗೋಲು ಕಸೋರ್ಲಾನ ಪೆನಾಲ್ಟಿ, ಎರಡನೆಯದು ಅವನ ಫ್ರೀಕಿಕ್‌ಗೆ ಸ್ಟ್ರೈಕರ್ ಜಿರೂ ಕೊಟ್ಟ ಹೆಡರ್. ಮೂವತ್ತು ದಾಟಿದ ಆಟಗಾರನೊಬ್ಬ ಹೊಸ ಜಾಗದಲ್ಲಿ ಹೊಸ ಕೆಲಸ ಕಲಿತು ದೊಡ್ಡ ತಂಡವನ್ನು ಮಣಿಸಿದ್ದು ನಿನ್ನ ಆಸ್ಪತ್ರೆಯ ದೃಶ್ಯಕ್ಕಿಂತ ಏನು ಕಮ್ಮಿ? ಇದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ.

2008ರ ಯೂರೋದಲ್ಲಿ, ಅಂದರೆ ಯುರೋಪಿನ ದೇಶಗಳ ಕಪ್‌ನಲ್ಲಿ, ಇಟಲಿ ವಿರುದ್ಧದ ಶೂಟೌಟಿನಲ್ಲಿ ಅವನು ಹೊಡೆದ ಪೆನಾಲ್ಟಿ, ಬೆನ್ನು ನೋವಿನಿಂದ 2010ರ ವಿಶ್ವಕಪ್ ತಪ್ಪಿಹೋದದ್ದು, ಸ್ಪೇನಿನ ಮಲಗಾ ಕ್ಲಬ್ಬಿನಲ್ಲಿ ಕಳೆದ ಒಂದು ವರ್ಷ, ಇವೆಲ್ಲ ಒಂದೊಂದು ಸಾಲಿಗೆ ಸಾಕು.

ಈಗ ಗಾಯಕ್ಕೆ ಬರೋಣ. ಬರೆಯಬೇಡ ಅನ್ನುತ್ತಿಲ್ಲ. ಅದನ್ನು ಬಿಟ್ಟು ಅವನ ಕಥೆ ಹೇಳಲಾಗುವುದಿಲ್ಲ. ಆದರೆ ತಣ್ಣಗೆ ಬರಿ. 2016ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾದ ಲುಡೊಗೊರೆಟ್ಸ್ ವಿರುದ್ಧ ಆಡಿದ್ದೇ ಆರ್ಸೆನಲ್‌ನಲ್ಲಿ ಅವನ ಕೊನೆಯ ಪಂದ್ಯವಾಯಿತು. ಆಪರೇಷನ್ ಆದ ಗಾಯಕ್ಕೆ ಸೋಂಕು ತಗುಲಿತು. ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ದಪ್ಪ ನಾರಿದೆಯಲ್ಲ, ಅಕಿಲೀಸ್ ಟೆಂಡನ್, ಅದರಲ್ಲಿ ಎಂಟು ಸೆಂಟಿಮೀಟರ್‌ನಷ್ಟನ್ನು ಬ್ಯಾಕ್ಟೀರಿಯಾ ತಿಂದುಹಾಕಿತ್ತು. ಮಗನ ಜೊತೆ ತೋಟದಲ್ಲಿ ನಡೆದಾಡುವಂತಾದರೆ ಅದೇ ದೊಡ್ಡದು ಅಂತ ಡಾಕ್ಟರು ಹೇಳಿದ್ದರು. ಇದನ್ನು ಅವನೇ 2017ರಲ್ಲಿ ‘ಮಾರ್ಕಾ’ ಪತ್ರಿಕೆಗೆ ಹೇಳಿದ. ಹಾಗಾಗಿ ಅವನೇ ಹೇಳಿದ್ದು ಅಂತ ಬರಿ, ನೀನು ಆ ಕೋಣೆಯಲ್ಲಿ ಇದ್ದವನ ಥರ ಬರೆಯಬೇಡ. ಡಾಕ್ಟರ ಮುಖದ ಭಾವ, ಕಿಟಕಿಯಾಚೆಯ ಮಳೆ ನಿನಗೆ ಎಲ್ಲಿ ಸಿಕ್ಕವು? ತೆಗೆದುಬಿಡು. ಆಪರೇಷನ್‌ಗಳ ಲೆಕ್ಕವನ್ನೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ಹತ್ತರ ಆಸುಪಾಸು’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಹಚ್ಚೆಯ ವಿಷಯವಂತೂ ನಿನ್ನನ್ನು ಪೂರ್ತಿ ಮರುಳು ಮಾಡಿದೆ. ಕಾಲಿನ ಗಾಯ ಮುಚ್ಚಲು ತೋಳಿನ ಚರ್ಮ ತೆಗೆದರು, ಅಲ್ಲಿ ಮಗಳ ಹೆಸರಿನ ಹಚ್ಚೆ ಇತ್ತು, ಅದರ ಅರ್ಧ ಈಗ ಕಾಲಿನಲ್ಲಿದೆ. ಸುಮ್ನೆ ಇಷ್ಟು ಹೇಳು. ನೀನು ಅದರ ಮೇಲೆ ಒಂದು ಪುಟ ತಂದೆಯ ಪ್ರೀತಿಯ ಬಗ್ಗೆ ಬರೆದಿದ್ದೀಯ. ಆ ಪುಟ ಉಪ್ಪು ಜಾಸ್ತಿಯಾದ ಸಾರಿನ ಹಾಗಿದೆ.

ಸ್ಪೇನಿನ ವಿತೋರಿಯಾದಲ್ಲಿ ಡಾ. ಮಿಕೆಲ್ ಸಾಂಚೆಜ್ ಆ ಕಾಲನ್ನು ಸರಿಮಾಡಿದರು. 2018ರಲ್ಲಿ ಕಸೋರ್ಲಾ ತನ್ನ ಹಳೆಯ ಕ್ಲಬ್ ವಿಯಾರೆಯಾಲ್‌ಗೆ ಮರಳಿದ. ಮರುವರ್ಷ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲು, ಜೂನ್‌ನಲ್ಲಿ ಮತ್ತೆ ಸ್ಪೇನ್ ತಂಡ. ನಿನ್ನ ಲೇಖನ ಇಲ್ಲಿಗೇ ‘ಪವಾಡ’ ಅಂದು ಮುಗಿಯುತ್ತದೆ. ಪವಾಡ ಅಂದುಬಿಟ್ಟರೆ ಡಾಕ್ಟರ ಕೆಲಸವೂ ಹೋಯಿತು, ಅವನು ಪಟ್ಟ ಪಾಡೂ ಹೋಯಿತು, ಅಲ್ವಾ? ಶೀರ್ಷಿಕೆಯಿಂದಲೂ ಆ ಪದ ತೆಗಿ.

ನಿಜ ಹೇಳಬೇಕೆಂದರೆ ಇನ್ನೂ ರುಚಿಯಾದ ಭಾಗ ಆಮೇಲಿದೆ, ನೀನು ಅದನ್ನು ಮುಟ್ಟೇ ಇಲ್ಲ. ಕಸೋರ್ಲಾ ಹುಟ್ಟಿದ್ದು ಅಸ್ತೂರಿಯಾಸ್ ಪ್ರಾಂತ್ಯದಲ್ಲಿ, ಆಟ ಕಲಿತದ್ದು ರಿಯಲ್ ಒವಿಯೆಡೊದಲ್ಲಿ. 2003ರಲ್ಲಿ ಆ ಕ್ಲಬ್ ಸಾಲದಲ್ಲಿ ಮುಳುಗಿ ಆಗಿನ ನಾಲ್ಕನೇ ದರ್ಜೆಗೆ ಬಿತ್ತು. ಹುಡುಗ ಅಲ್ಲಿ ಹಿರಿಯರ ತಂಡಕ್ಕೆ ಆಡದೆಯೇ ಹೊರಟುಹೋದ. 2012ರಲ್ಲಿ ಕ್ಲಬ್ ಬಾಗಿಲು ಹಾಕುವ ಸ್ಥಿತಿಗೆ ಬಂದಾಗ ಶೇರು ಮಾರಿತು. ಅಭಿಮಾನಿಗಳ ಜೊತೆ ಕಸೋರ್ಲಾ, ಅಲ್ಲಿಂದಲೇ ಬಂದ ಆಟಗಾರರಾದ ಹ್ವಾನ್ ಮಾತಾ, ಮೀಚು ಕೂಡ ಕೊಂಡರು. 2023ರಲ್ಲಿ, ಕತಾರಿನಲ್ಲಿ ಮೂರು ವರ್ಷ ಆಡಿದ ಮೇಲೆ, ಅವನು ಅದೇ ಕ್ಲಬ್ಬಿಗೆ ಬಂದ. ಬಿಟ್ಟಿ ಆಡಲು ತಯಾರಿದ್ದ, ನಿಯಮ ಬಿಡಲಿಲ್ಲ. ಹಾಗಾಗಿ ಲೀಗಿನ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದ. 2024ರಲ್ಲಿ, ಸ್ಪೇನಿನ ಮೊದಲ ದರ್ಜೆಯಾದ ಲಾ ಲೀಗಾಕ್ಕೆ ಏರಲು ಆಡುವ ಪ್ಲೇಆಫ್ ಫೈನಲಿನಲ್ಲಿ ಎಸ್ಪಾನ್ಯೊಲ್ ಎದುರು ಸೋಲು. ಈ ಸೋಲನ್ನು ಖಂಡಿತ ಬಿಡಬೇಡ. 2025ರ ಜೂನ್‌ನಲ್ಲಿ ಮಿರಾಂದೆಸ್ ವಿರುದ್ಧ ಮತ್ತೆ ಎರಡು ಪಂದ್ಯಗಳ ಫೈನಲ್. ಮೊದಲ ಪಂದ್ಯ ಸೋತಿದ್ದರು, ಎರಡನೆಯದರಲ್ಲೂ ಎದುರಾಳಿಯದೇ ಮೊದಲ ಗೋಲು. ನಲವತ್ತರ ಕಸೋರ್ಲಾ ಪೆನಾಲ್ಟಿ ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ 3-1. ಒವಿಯೆಡೊ 24 ವರ್ಷಗಳ ನಂತರ ಲಾ ಲೀಗಾಕ್ಕೆ ಬಂತು.

ಅಲ್ಲಿ ಅದರ ಮೊದಲ ಪಂದ್ಯ ವಿಯಾರೆಯಾಲ್ ಮೈದಾನದಲ್ಲೇ ಬಿತ್ತು. 2-0ಯಿಂದ ಸೋತರು. ಇದನ್ನೂ ಹಾಗೇ ಬರಿ, ವಿಧಿ ಗಿಧಿ ಅನ್ನಬೇಡ.

ನಿನ್ನ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ್ದೇನೆ, ನಾಳೆ ಪೋಸ್ಟ್ ಮಾಡುತ್ತೇನೆ. ಆತುರ ಬೇಡ. ಆ ಸಿಟಿ ಪಂದ್ಯವನ್ನು ಪೂರ್ತಿ ಒಂದು ಸಲ ನೋಡು, ಹೈಲೈಟ್ಸ್ ಅಲ್ಲ. ನೋಡಿದ ಮೇಲೆ ಮೊದಲ ಪುಟ ಮಾತ್ರ ಬರೆದು ಕಳಿಸು, ಉಳಿದದ್ದು ಆಮೇಲೆ ನೋಡೋಣ.

ಇಂತಿ,
ನಿನ್ನ ಅಣ್ಣ