ಹಿರಿಯರ ನಿದ್ದೆಯನ್ನು ಯಾರೂ ವಿಚಾರಿಸುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

‘ವಯಸ್ಸಾಯಿತಲ್ಲ, ಇನ್ನು ನಿದ್ದೆ ಎಲ್ಲಿಂದ ಬರಬೇಕು’ ಎಂಬ ಮಾತು ನಮ್ಮ ಮಲೆನಾಡಿನ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳು ಹೇಳುತ್ತಾರೆ, ಸೊಸೆಯಂದಿರು ಹೇಳುತ್ತಾರೆ, ಕೊನೆಗೆ ಹಿರಿಯರೂ ಅದನ್ನೇ ನಂಬಿ ಸುಮ್ಮನಾಗುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮೊಡನೆ ಇರುವ, ಈಗ 86 ವರ್ಷದ ನನ್ನ ಅತ್ತೆಯವರಿಗೆ ನಾನೂ ವರ್ಷಗಟ್ಟಲೆ ಇದೇ ಮಾತನ್ನು ಹೇಳಿದ್ದೇನೆ. ಅದು ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ಅವರ ಸೊಂಟದ ಮೂಳೆ ಮುರಿದಿತ್ತು. ಬೇರೆ ಮನೆಗಳಲ್ಲಿ ಹಾಗಾಗದಿರಲಿ ಎಂಬ ಕಳಕಳಿಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಲೆಕ್ಕದ ಮಾತು. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಷನ್ 2015ರಲ್ಲಿ ತಜ್ಞರ ಸಮಿತಿಯ ಮೂಲಕ ಪ್ರಕಟಿಸಿದ ಶಿಫಾರಸಿನಂತೆ 18ರಿಂದ 64 ವರ್ಷದವರಿಗೆ ರಾತ್ರಿಗೆ 7ರಿಂದ 9 ಗಂಟೆ ನಿದ್ದೆ ಬೇಕು, 65 ದಾಟಿದವರಿಗೆ 7ರಿಂದ 8 ಗಂಟೆ ಬೇಕು. ಎಂದರೆ ವಯಸ್ಸಾದ ಮೇಲೆ ಕಡಿಮೆಯಾಗುವುದು ಮೇಲಿನ ಒಂದು ಗಂಟೆ ಮಾತ್ರ. ಕೆಲವರಿಗೆ 5ರಿಂದ 6 ಗಂಟೆಯೂ ಸಾಲಬಹುದು, ಆದರೆ 5 ಗಂಟೆಗಿಂತ ಕಡಿಮೆ ನಿದ್ದೆ ಯಾವ ಹಿರಿಯರಿಗೂ ತಕ್ಕದ್ದಲ್ಲ ಎಂದೂ ಅದೇ ಸಮಿತಿ ಹೇಳಿದೆ. ಹಾಗಾಗಿ ಒಬ್ಬರಿಗೆ ಎಷ್ಟು ನಿದ್ದೆ ಸಾಕು ಎಂಬುದನ್ನು ಅವರ ಹಗಲನ್ನು ನೋಡಿಯೇ ತಿಳಿಯಬೇಕು. 6 ಗಂಟೆ ಮಲಗಿ ಎದ್ದವರು ಹಗಲೆಲ್ಲ ಗೆಲುವಾಗಿದ್ದರೆ ಚಿಂತೆಯಿಲ್ಲ. ಪೇಪರು ಓದುತ್ತ ತೂಕಡಿಸುವವರು, ಮಾತು ಮಾತಿಗೆ ಸಿಡುಕುವವರು, ಒಲೆಯ ಮೇಲಿಟ್ಟ ಹಾಲನ್ನು ಮರೆಯುವವರು, ಅಂಗಳದ ಮೆಟ್ಟಿಲಲ್ಲಿ ಆಯ ತಪ್ಪುವವರು ಇದ್ದರೆ ಅವರ ರಾತ್ರಿ ಹೇಗೆ ಕಳೆಯುತ್ತಿದೆ ಎಂದು ಕೇಳಲೇಬೇಕಾಗುತ್ತದೆ.

ವಯಸ್ಸಿನೊಂದಿಗೆ ನಿದ್ದೆಯ ಅಗತ್ಯ ಅಷ್ಟಾಗಿ ಕುಗ್ಗುವುದಿಲ್ಲ, ನಿದ್ದೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಗಾಢನಿದ್ದೆಯ ಪಾಲು ಕಡಿಮೆಯಾಗಿ ಹಗುರ ನಿದ್ದೆಯ ಪಾಲು ಹೆಚ್ಚುವುದರಿಂದ, ಮಾಡಿನ ಮೇಲೆ ಬಿದ್ದ ತೆಂಗಿನ ಮಡಲಿನ ಸದ್ದಿಗೋ ಕೊಟ್ಟಿಗೆಯಲ್ಲಿ ದನ ಕೊರಳಾಡಿಸಿದ ಸದ್ದಿಗೋ ಎಚ್ಚರವಾಗುತ್ತದೆ, ಒಮ್ಮೆ ತೆರೆದ ಕಣ್ಣು ಬೇಗ ಮುಚ್ಚುವುದಿಲ್ಲ. ದೇಹದೊಳಗಿನ ಗಡಿಯಾರವೂ ಮುಂದಕ್ಕೆ ಸರಿಯುತ್ತದೆ. ಸಂಜೆ ಏಳೂವರೆಗೇ ಕಣ್ಣು ಎಳೆಯತೊಡಗಿ, ನಸುಕಿನ ಮೂರಕ್ಕೆ ಬೆಳಗಾದಂತಾಗುತ್ತದೆ. ಈ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಹಗಲಿನ ಬೆಳಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಗಡಿಯಾರಕ್ಕೆ ಅತ್ಯಂತ ಅಗತ್ಯವಾದ ನೀಲಿ ಬೆಳಕು ಒಳಗೆ ತಲುಪುವುದು ಕಡಿಮೆಯಾಗುತ್ತದೆ. ಇದರ ಮೇಲೆ ನಮ್ಮ ಮಳೆಗಾಲವನ್ನು ನೆನೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರು ಕಂಬಳಿ ಹೊದ್ದು ಒಳಮನೆಯಲ್ಲಿ ಕುಳಿತಿರುತ್ತಾರೆ, ಮಧ್ಯಾಹ್ನಕ್ಕೂ ದೀಪ ಹಾಕಬೇಕಾದ ಆ ಕೋಣೆಗಳಲ್ಲಿ ಹಗಲು ಯಾವುದು, ಇರುಳು ಯಾವುದು ಎಂದು ದೇಹಕ್ಕೆ ತಿಳಿಯುವುದಾದರೂ ಹೇಗೆ?

ಇನ್ನೊಂದು ಕಾರಣ ನಮ್ಮ ಅಡಿಕೆ ಮನೆಗಳಲ್ಲೇ ಇದೆ. ಸುಗ್ಗಿಯ ದಿನಗಳಲ್ಲಿ ನನ್ನ ಅತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುತ್ತಿದ್ದರು, ಮಲಗಿದರೆ ಬೆಳಗಿನ ಹಂಡೆ ಒಲೆಗೇ ಏಳುತ್ತಿದ್ದದ್ದು. ಎಚ್ಚರದಲ್ಲಿ ದುಡಿದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗಿ ನಿದ್ದೆಯನ್ನು ಒತ್ತಿ ತರುತ್ತದೆ. ಈಗ ಸುಲಿಯುವ ಯಂತ್ರ ಬಂದಿದೆ. ಅದು ಬಂದದ್ದು ಒಳ್ಳೆಯದೇ, ಹೆಂಗಸರ ಬೆನ್ನು ಉಳಿಯಿತು. ಆದರೆ ಹಿರಿಯರ ಕೈಗೆ ಬೇರೆ ಯಾವ ಕೆಲಸವನ್ನೂ ನಾವು ಕೊಡಲಿಲ್ಲ. ಹಗಲೆಲ್ಲ ಆರಾಮ ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿ ಕುಳಿತವರಿಗೆ ರಾತ್ರಿಗೆಂದು ನಿದ್ದೆ ಉಳಿದಿರುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಅತ್ತೆಯವರು ದಿನವೂ ಬೆಳಗ್ಗೆ ಕಾಫಿ ಲೋಟ ಹಿಡಿದು, ‘ರಾತ್ರಿ ಬಹಳ ಉದ್ದ ಆಗಿಬಿಟ್ಟಿದೆ ಮಾರಾಯ್ತಿ’ ಎನ್ನುತ್ತಿದ್ದರು. ನಾನು ಆ ಮಾತನ್ನು ಕೇಳಿಸಿಕೊಂಡೆ, ಆದರೆ ಅದರ ಹಿಂದೆ ಹೋಗಲಿಲ್ಲ. ಪಕ್ಕದ ಪೇಟೆಯ ಔಷಧದ ಅಂಗಡಿಯೊಂದರಲ್ಲಿ ಕೇಳಿದಾಗ ಚೀಟಿಯನ್ನೂ ಕೇಳದೆ ಒಂದು ಪಟ್ಟಿ ನಿದ್ದೆ ಮಾತ್ರೆ ಕೊಟ್ಟರು. ರಾತ್ರಿ ಅರ್ಧ ಕೊಡಿ, ಸಾಲದಿದ್ದರೆ ಒಂದು ಕೊಡಿ ಎಂದರು. ಅದು ಆಲ್ಪ್ರಜೋಲಾಂ. ಮೊದಲ ವಾರ ಅತ್ತೆ ಚೆನ್ನಾಗಿ ಮಲಗಿದರು, ಮನೆಯವರೆಲ್ಲ ಸಂತೋಷಪಟ್ಟೆವು. ಮೂರನೆಯ ವಾರದಲ್ಲೊಂದು ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದವರು, ಕರೆಂಟು ಇಲ್ಲದ ಕತ್ತಲಲ್ಲಿ, ಮಾತ್ರೆಯ ಮಂಪರಿನಲ್ಲಿ, ನಡುಮನೆಯಿಂದ ಬಚ್ಚಲಿಗೆ ಇಳಿಯುವ ಎರಡು ಮೆಟ್ಟಿಲನ್ನು ಒಂದೇ ಎಂದು ತಿಳಿದು ಕಾಲಿಟ್ಟರು. ಹಂಡೆಯ ಅಂಚಿಗೆ ಕೈ ಚಾಚಿ ಹಿಡಿಯಲು ನೋಡಿದ ಗುರುತು ಬೂದಿಯಲ್ಲಿ ಹಾಗೆಯೇ ಇತ್ತು. ಸುರಿಯುವ ಮಳೆಯಲ್ಲಿ ಮಂಡಗದ್ದೆಯ ದಾರಿ ಹಿಡಿದು ಶಿವಮೊಗ್ಗ ತಲುಪುವವರೆಗಿನ ಸುಮಾರು 60 ಕಿಲೋಮೀಟರ್ ಉದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ, ನೋವೆಂದು ಬಾಯಿಬಿಟ್ಟು ಹೇಳಲೂ ಇಲ್ಲ.

ಆಮೇಲೆ ತಿಳಿದದ್ದನ್ನು ಎಲ್ಲರೂ ತಿಳಿಯಬೇಕು. ಆಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಂ ಇವೆಲ್ಲ ನಮ್ಮ ದೇಶದ ಔಷಧ ನಿಯಮಗಳ ‘ಷೆಡ್ಯೂಲ್ ಎಚ್ 1’ ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಅಷ್ಟೇ ಅಲ್ಲ, ಬರೆದ ವೈದ್ಯರು ಯಾರು, ರೋಗಿ ಯಾರು, ಎಷ್ಟು ಮಾತ್ರೆ ಕೊಟ್ಟದ್ದು ಎಂಬುದನ್ನು ಅಂಗಡಿಯವರು ಬೇರೆಯೇ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ವೈದ್ಯರಿಗೂ ಇಲ್ಲಿ ಎಚ್ಚರಿಕೆಯಿದೆ. ಅಮೆರಿಕದ ವೃದ್ಧವೈದ್ಯರ ಸಂಘವು ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಪ್ರಕಟಿಸುತ್ತದೆ. ಬೀಳುವುದು, ಮೂಳೆ ಮುರಿಯುವುದು, ಬುದ್ಧಿಭ್ರಮೆ, ಮರೆವು ಎಂಬ ಕಾರಣಗಳಿಗಾಗಿ ಈ ಬಗೆಯ ಮಾತ್ರೆಗಳನ್ನು ಅದು ಆ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿರುವವರು ಈ ಪತ್ರವನ್ನು ಓದಿ ಒಂದೇ ದಿನಕ್ಕೆ ನಿಲ್ಲಿಸಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಮ್ಮೆಗೇ ಬಿಟ್ಟರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರನ್ನು ಕಂಡು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಅತ್ತೆಯವರ ನಿದ್ದೆಯನ್ನು ಬರೆದಿಟ್ಟೆ. ಎಂಟಕ್ಕೆ ಮಲಗುತ್ತಿದ್ದರು, ಐದೂವರೆಗೆ ಏಳುತ್ತಿದ್ದರು, ನಡುವೆ ನಾಲ್ಕು ಸಲ ಎಚ್ಚರ. ಒಂಬತ್ತೂವರೆ ಗಂಟೆ ಹಾಸಿಗೆಯಲ್ಲಿದ್ದು ನಿದ್ದೆ ಮಾಡುತ್ತಿದ್ದದ್ದು ಐದು ಗಂಟೆಗೂ ತುಸು ಕಡಿಮೆ. ‘ಬೇಗ ಮಲಗಿ ಅತ್ತೆ, ರೆಸ್ಟ್ ತಗೊಳ್ಳಿ’ ಎಂದು ಎಂಟಕ್ಕೇ ದೀಪ ಆರಿಸುತ್ತಿದ್ದವಳು ನಾನೇ. ಉಳಿದ ನಾಲ್ಕೂವರೆ ಗಂಟೆ ಅವರು ಕತ್ತಲಲ್ಲಿ ಜಂತಿ ನೋಡುತ್ತ, ಸತ್ತವರನ್ನು ನೆನೆಯುತ್ತ ಮಲಗಿರುತ್ತಿದ್ದರು ಎಂಬುದು ಆ ಕ್ಯಾಲೆಂಡರು ಇಲ್ಲದಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿದೆವು. ಅವರು ಮೊದಲು ನೋಡಿದ್ದು ಬಿ.ಪಿ.ಗೆಂದು ರಾತ್ರಿ ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು. ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಾಯಿಸಿದರು. ಸಂಜೆಯ ಕಾಫಿಯನ್ನು ನಿಲ್ಲಿಸಿ ಎಂದರು, ಏಕೆಂದರೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲೇ ಉಳಿದಿರುತ್ತದೆ. ಈಗ ಸಂಜೆ ನಾಲ್ಕಕ್ಕೆ ಜೀರಿಗೆ ಕಷಾಯ ಮಾಡಿಕೊಡುತ್ತೇನೆ. ಮಂಡಿನೋವಿಗೆ ರಾತ್ರಿ ಬಿಸಿನೀರಿನ ಶಾಖ. ಮಲಗುವ ಹೊತ್ತು ಒಂಬತ್ತೂವರೆ, ಅದಕ್ಕೂ ಮುಂಚೆ ಹಾಸಿಗೆಗೆ ಹೋಗುವಂತಿಲ್ಲ. ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಮಲಗಬಹುದು, ಎರಡು ಗಂಟೆಯ ಮೇಲೆ ಮಲಗುವುದು ಬೇಡ. ನಡುರಾತ್ರಿ ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹೊರಳಾಡುತ್ತ ಬಿದ್ದಿರದೆ ಎದ್ದು ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಬೆಳಗ್ಗೆ ಮಳೆಯಿರಲಿ, ಇಬ್ಬನಿಯಿರಲಿ, ಅರ್ಧ ಗಂಟೆ ಜಗುಲಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂರಬೇಕು. ಮೋಡ ಕವಿದ ದಿನವೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಿ ಕುಳಿತು ಅವರು ಹೂಬತ್ತಿ ಹೊಸೆಯುತ್ತಾರೆ, ಬಾಳೆನಾರು ಸೀಳುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸಗಳನ್ನು ಕಲಿಸುವ ಮನೋಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಖರ್ಚಿಲ್ಲದ ಈ ಮಾತನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ.

ಎಲ್ಲವನ್ನೂ ಮನೆಯಲ್ಲೇ ಸರಿಪಡಿಸಲಾಗುವುದಿಲ್ಲ ಎಂಬುದೂ ನಿಜ. ಗಂಡಸರು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡು ‘ಏನು ಸುಖನಿದ್ದೆ’ ಎನ್ನುತ್ತೇವೆ. ಗೊರಕೆ ಒಮ್ಮೆಲೇ ನಿಂತು, ಉಸಿರು ಕಟ್ಟಿ, ಮತ್ತೆ ದಡಬಡಿಸಿ ಉಸಿರೆಳೆಯುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ನಸುಕಿಗೆ ಎಚ್ಚರವಾಗಿ ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣ. ಮಕ್ಕಳು ಬೆಂಗಳೂರು ಸೇರಿ, ತೋಟದ ನಡುವಿನ ದೊಡ್ಡ ಮನೆಗಳಲ್ಲಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ ಉಳಿದಿರುವ ನಮ್ಮ ಮಲೆನಾಡಿನಲ್ಲಿ ಅದನ್ನು ಗುರುತಿಸುವವರೇ ಇಲ್ಲ. ಅಂಥವರು 14416 ಸಂಖ್ಯೆಗೆ, ಎಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು: ರಾತ್ರಿ ಹತ್ತಕ್ಕೆ ಮಾಡುವ ಫೋನನ್ನು ಸಂಜೆ ಆರಕ್ಕೆ ಮಾಡಿ. ನಿಮ್ಮ ಕರೆಗಾಗಿ ಅವರು ತೂಕಡಿಕೆಯನ್ನು ತಡೆದು ಕಾದಿರುತ್ತಾರೆ, ಮಾತು ಮುಗಿಯುವ ಹೊತ್ತಿಗೆ ಬಂದ ನಿದ್ದೆ ಹೋಗಿರುತ್ತದೆ.

ಪೇಟೆಯಲ್ಲಿರುವ ಹಿರಿಯರ ಕಷ್ಟ ಇನ್ನೊಂದು ಬಗೆಯದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಎಂಬ ನಿಯಮ 2000ನೇ ಇಸವಿಯಿಂದಲೇ ಇದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದ 45 ಡೆಸಿಬಲ್ ಮೀರಬಾರದು ಎಂದೂ ಇದೆ. ಯಾವ ಉತ್ಸವಕ್ಕೂ ನನ್ನ ವಿರೋಧವಿಲ್ಲ, ಆ ಗಡಿಯನ್ನು ಪಾಲಿಸಿದರೆ ಸಾಕು.

ಔಷಧ ನಿಯಂತ್ರಣ ಇಲಾಖೆಯವರು ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ಎಚ್ 1 ಪುಸ್ತಕವನ್ನು ತೆರೆದು ನೋಡಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಿರಿಯರ ಬಿ.ಪಿ., ಸಕ್ಕರೆ ನೋಡಿ ಚೀಟಿಯಲ್ಲಿ ಬರೆದುಕೊಡುತ್ತಾರೆ, ಆಶಾ ಕಾರ್ಯಕರ್ತೆಯರು ಮನೆಗೂ ಬರುತ್ತಾರೆ. ಅದೇ ಚೀಟಿಯಲ್ಲಿ ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಎಚ್ಚರ, ಯಾವುದಾದರೂ ನಿದ್ದೆ ಮಾತ್ರೆ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಒಂದು ಸಾಲು ಜಾಗ ಬಿಡಬೇಕು. ಅತ್ತೆಯವರು ಈಗ ಕೋಲು ಹಿಡಿದು ನಡೆಯುತ್ತಾರೆ, ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಚಾರ್ಜಿನ ದೀಪವೊಂದು ಉರಿಯುತ್ತಿರುತ್ತದೆ, ಮೆಟ್ಟಿಲ ಬಳಿ ಗೋಡೆಗೆ ಹಿಡಿಕೆ ಕೂರಿಸಿದ್ದೇವೆ. ಮೊನ್ನೆ ಕ್ಯಾಲೆಂಡರಿನಲ್ಲಿ ಬರೆದ ಲೆಕ್ಕ ಆರೂಕಾಲು ಗಂಟೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ