ನಿನ್ನ ನಾಯಿ ಬೊಗಳಲಿಲ್ಲ ಕಣೋ

ಲೋ ಗೆಳೆಯಾ,

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ನಾಲ್ಕು ಜನ ನೋಡುವ ಹಾಗೆ ಬರೆಯುತ್ತಿದ್ದೇನೆ, ಸಾಕ್ಷಿಗಳಿರಲಿ ಅಂತ. ಓದುತ್ತಿರುವ ಉಳಿದವರಿಗೆ ಒಂದು ಮಾತು: ಇವನು ಒಳ್ಳೆಯವನೇ. ಕೈಗೆ ಕೆಂಪು ತಂತಿ ಕೊಡಬಾರದು, ಅಷ್ಟೇ.

ವಿಷಯ ನಮ್ಮ ಡಬ್ಬಿಯದು. ಹವಳದ ಟ್ಯಾಂಕಿಗೆ ಅಂತ ನಾವಿಬ್ಬರೂ ಸೇರಿ ಕಟ್ಟಿದೆವಲ್ಲ, ಪಂಪು ಹೀಟರ್ ನೋಡಿಕೊಳ್ಳುವ ಆ ಕಂಟ್ರೋಲರ್. ಅದರ ಹಳೇ ಕಾಯಿಲೆಗಳೆಲ್ಲ ವಾಸಿಯಾಗಿವೆ. ಹೊಸದೊಂದು ಬಂದಿತ್ತು. ಅದೂ ಸಿಕ್ಕಿಬಿದ್ದಿದೆ. ಅದರ ಬುಡದಲ್ಲಿ ನಿನ್ನ ಸಹಿ ಇದೆ. ಅವಸರ ಬೇಡ, ಅಲ್ಲಿಗೆ ಬರುತ್ತೇನೆ.

ಮೊದಲು ಪಿಎಚ್ ದೆವ್ವ. ಟ್ಯಾಂಕಿನ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಹಗಲು ಏರಿ ರಾತ್ರಿ ಇಳಿಯುವುದು ಸಹಜ. ದೀಪ ಇರುವಷ್ಟು ಹೊತ್ತು ಹವಳದೊಳಗಿನ ಪಾಚಿ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಳ್ಳುತ್ತದೆ. ದೀಪ ಆರಿದ ಮೇಲೆ ಒಳಗಿರುವವರೆಲ್ಲ ಸುಮ್ನೆ ಉಸಿರಾಡಿಕೊಂಡು ಅದನ್ನೇ ನೀರಿಗೆ ಬಿಡುತ್ತಾರೆ. 8.0ಕ್ಕೂ 8.3ಕ್ಕೂ ನಡುವೆ ನಿಧಾನವಾಗಿ ಓಲಾಡಿದರೆ ಯಾರಿಗೂ ತಕರಾರಿಲ್ಲ. ನಮ್ಮದು ವೇವ್‌ಮೇಕರ್, ಅಂದರೆ ಅಲೆ ಎಬ್ಬಿಸುವ ಪಂಪು, ಶುರುವಾದ ಕೂಡಲೇ 8.2ರಿಂದ 7.6ಕ್ಕೆ ಬೀಳುತ್ತಿತ್ತು, ಅದು ನಿಂತ ಕೂಡಲೇ ಮೇಲಕ್ಕೆ. ನೀರು ಅಷ್ಟು ಬೇಗ ಮನಸ್ಸು ಬದಲಾಯಿಸುವುದಿಲ್ಲ. 25 ಡಿಗ್ರಿಯಲ್ಲಿ ಪಿಎಚ್ ಅಳೆಯುವ ಪ್ರೋಬ್ ಕೊಡುವುದು ಒಂದು ಪಿಎಚ್ ಅಂಕಕ್ಕೆ ಬರೀ 59 ಮಿಲಿವೋಲ್ಟ್. ಅದೂ ನೂರಾರು ಮೆಗಾಓಮ್ ತಡೆ ಇರುವ ಗಾಜಿನ ಆಚೆಯಿಂದ. ಪಂಪಿನಿಂದ ನೀರಿಗೆ ಸೋರುವ ಚೂರು ವಿದ್ಯುತ್ತು ಬೋರ್ಡಿನ ಗ್ರೌಂಡ್ ಹಿಡಿದು ಒಳಗೆ ಬಂದರೆ ಅದೂ ಪಿಎಚ್ ವೇಷದಲ್ಲೇ ಕಾಣಿಸುತ್ತದೆ. ಪ್ರೋಬಿನ ಸರ್ಕ್ಯೂಟಿಗೆ ಬೇರೆಯೇ ಪವರ್ ಕೊಟ್ಟು, ನಡುವೆ ವಿದ್ಯುತ್ತು ದಾಟದಂತೆ ತಡೆಯುವ ಐಸೊಲೇಟರ್ ಕೂರಿಸಿದೆ. ದೆವ್ವ ಬಿಟ್ಟಿತು. ನೀನು ಹೇಳಿದ್ದ ಅಲ್ಯೂಮಿನಿಯಂ ಹಾಳೆ ಸುತ್ತುವ ಚಿಕಿತ್ಸೆಯ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ.

ಆಮೇಲೆ 85 ಡಿಗ್ರಿ. ಮಧ್ಯರಾತ್ರಿ ಸೈರನ್, ಪರದೆ ಮೇಲೆ 85.00. ಹವಳ, ಮೀನು, ಸೀಗಡಿ ಸಾಹೇಬರು, ಎಲ್ಲ ಬೆಂದುಹೋಗಿರಬೇಕು ಅಂತ ಓಡಿದರೆ ನೀರು ತಣ್ಣಗಿದೆ. ಆ ಡಿಎಸ್18ಬಿ20 ಅನ್ನುವ ತಾಪಮಾನದ ಸೆನ್ಸರ್ ಪವರ್ ಬಂದ ಕೂಡಲೇ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುವ ಸಂಖ್ಯೆಯೇ 85. ನಿಜವಾದ ತಾಪಮಾನ ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡು ಬೇಕು. ನಡುವೆ ಪವರ್ ಒಮ್ಮೆ ಮಿನುಗಿ, ಅಳೆಯುವ ಮೊದಲೇ ನಾವು ಕೇಳಿದರೆ ಅದು 85 ಅನ್ನುತ್ತದೆ. ತಂತಿ ಪೂರ್ತಿ ಕಿತ್ತುಹೋದರೆ ಲೈಬ್ರರಿ, ಅಂದರೆ ಸೆನ್ಸರ್ ಓದುವ ಸಿದ್ಧ ಕೋಡ್, ಮೈನಸ್ 127 ಅನ್ನುತ್ತದೆ. ಇವೆರಡನ್ನೂ ತಿಪ್ಪೆಗೆ ಹಾಕು ಅಂತ ಕೋಡಿನಲ್ಲಿ ಬರೆದೆ. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಉಪ್ಪು ನೀರು ತಂತಿಯ ಒಳಗಿನ ಎಳೆಗಳ ನಡುವೆಯೇ ಹತ್ತಿಕೊಂಡು ಬಂದಿತ್ತು. ನಾವು ಹೊರಗಡೆ ಸೀಲ್ ಮಾಡಿ ಬೀಗುತ್ತಿದ್ದೆವು.

ಈಗ ನಿನ್ನ ಸರದಿ.

ಡಬ್ಬಿ ಕಟ್ಟುವಾಗ ನಾವು ಜಾಸ್ತಿ ಹೊತ್ತು ಕೂತಿದ್ದು ಒಂದೇ ಪ್ರಶ್ನೆ ಮೇಲೆ, ನೆನಪಿದೆಯಾ? ಮಿದುಳು ಸತ್ತರೆ ಯಾವುದು ಓಡುತ್ತಲೇ ಇರಬೇಕು, ಯಾವುದು ನಿಲ್ಲಬೇಕು. ನೀರು ತಿರುಗಿಸುವ ರಿಟರ್ನ್ ಪಂಪು ರಿಲೇಯ, ಅಂದರೆ ಬೋರ್ಡ್ ಆಡಿಸುವ ಸ್ವಿಚ್ಚಿನ, ನಾರ್ಮಲಿ ಕ್ಲೋಸ್ಡ್ ಕಡೆಗೆ. ಬೋರ್ಡ್ ಸತ್ತರೂ ಅದು ಓಡುತ್ತದೆ, ನೀರಿಗೆ ಆಮ್ಲಜನಕ ಸಿಗುತ್ತದೆ. ಹೀಟರ್, ಆವಿಯಾದಷ್ಟು ಸಿಹಿನೀರು ತುಂಬುವ ಪುಟ್ಟ ಪಂಪು, ಎರಡೂ ನಾರ್ಮಲಿ ಓಪನ್ ಕಡೆಗೆ. ಬೋರ್ಡ್ ಸತ್ತರೆ ಅವೂ ನಿಲ್ಲುತ್ತವೆ. ಹೀಟರಿನ ಸ್ವಂತ ಥರ್ಮೋಸ್ಟಾಟ್ 27ಕ್ಕೆ, ನಮ್ಮ ಡಬ್ಬಿಯದು 25.6ಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಅಂತ. ಆ ಕಾಗದ ಇನ್ನೂ ಡಬ್ಬಿಯ ಮುಚ್ಚಳಕ್ಕೆ ಅಂಟಿದೆ. ಒಳ್ಳೆಯ ಕೆಲಸವೇ ಅದು, ಈಗಲೂ ಹೇಳುತ್ತೇನೆ. ಸತ್ತರೆ ಏನು ಅಂತ ಚೆನ್ನಾಗಿ ಯೋಚಿಸಿದ್ದೆವು. ಸಾಯದೆ ಸುಮ್ನೆ ನಿಂತುಬಿಟ್ಟರೆ?

ಮೊನ್ನೆ ಸಂಜೆ ಟ್ಯಾಂಕಿನ ಕೆಳಗಿರುವ ಇನ್ನೊಂದು ತೊಟ್ಟಿಯಿಂದ, ಅದೇ ಸಂಪಿನಿಂದ, ಗೊರಗೊರ ಸದ್ದು. ರಿಟರ್ನ್ ಪಂಪು ಗಾಳಿ ಎಳೆಯುತ್ತಿತ್ತು. ನೀರು ಅಷ್ಟು ಇಳಿದಿದೆ ಅಂದರೆ ತುಂಬುವ ಪಂಪು ಬಹಳ ಹೊತ್ತಿನಿಂದ ಓಡಿಲ್ಲ. ಡಬ್ಬಿ ನೋಡಿದೆ. ಹಸಿರು ದೀಪ ಮಿನುಗುತ್ತಿದೆ. ಪರದೆ ಮೇಲೆ 25.6, ಎಲ್ಲಾ ಓಕೆ. ಗಾಜಿಗೆ ಕೈ ಇಟ್ಟರೆ ಬೆಚ್ಚಗಿದೆ. ಹಳೇ ಗಾಜಿನ ಥರ್ಮಾಮೀಟರ್ ಅದ್ದಿದೆ, 27ರ ಮೇಲೆ. ಆಮೇಲೆ ಪರದೆಯ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು. 2:17. ಬೆಳಗಿನ ಜಾವದ್ದು.

ನಡೆದದ್ದು ಇಷ್ಟು. ರಾತ್ರಿ 2:17ಕ್ಕೆ ತುಂಬುವ ಪಂಪು ಆಫ್ ಆಯಿತು. ಮೋಟಾರಿನ ಸುರುಳಿ ಆಫ್ ಆಗುವಾಗ ರಿಲೇಯ ತುದಿಗಳಲ್ಲಿ ಕಿಡಿ ಹಾರಿಸುತ್ತದೆ. ಆ ಕಿಡಿಯ ಗದ್ದಲ ಪಕ್ಕದಲ್ಲೇ ಹಾದುಹೋಗುವ, ಚಿಪ್ಪುಗಳು ಪರಸ್ಪರ ಮಾತಾಡುವ ಐ2ಸಿ ತಂತಿಗೆ ತಗುಲಿತು. ಗಡಿಯಾರದ ಚಿಪ್ಪು, ಪರದೆ, ಎರಡೂ ಆ ತಂತಿಯ ಮೇಲೇ ಇವೆ. ಪ್ರೋಗ್ರಾಮ್ ಗಡಿಯಾರವನ್ನು ಟೈಮ್ ಕೇಳಿತು, ಉತ್ತರ ಬರಲಿಲ್ಲ, ಕಾಯುತ್ತಾ ನಿಂತಿತು. ಐ2ಸಿ ಲೈಬ್ರರಿಯಲ್ಲಿ ಕಾದದ್ದು ಸಾಕು ಅನ್ನುವ ಟೈಮ್‌ಔಟ್ ಇದೆ, ಆದರೆ ನಾವೇ ಆನ್ ಮಾಡಬೇಕು. ಇಲ್ಲದಿದ್ದರೆ ಅದು ಕಲ್ಪಾಂತದ ತನಕ ಕಾಯುತ್ತದೆ. ಆ ಗಳಿಗೆಯಲ್ಲಿ ಹೀಟರ್ ಆನ್ ಇತ್ತು, ಆನ್ ಆಗಿಯೇ ಉಳಿಯಿತು. ಪಂಪು ಆಫ್ ಇತ್ತು, ಆಫ್ ಆಗಿಯೇ ಉಳಿಯಿತು.

ಇಂಥದ್ದಕ್ಕೆ ಅಂತಲೇ ಚಿಪ್ಪಿನೊಳಗೆ ವಾಚ್‌ಡಾಗ್ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಅದೊಂದು ಪುಟ್ಟ ಟೈಮರ್. ಪ್ರೋಗ್ರಾಮ್ ಆಗಾಗ ಬಂದು ನಾಯಿಗೆ ಬಿಸ್ಕತ್ತು ಹಾಕಬೇಕು, ಅಂದರೆ ನಾನಿನ್ನೂ ಓಡಾಡುತ್ತಿದ್ದೇನೆ ಅಂತ ತೋರಿಸಬೇಕು. 8 ಸೆಕೆಂಡು ಬಿಸ್ಕತ್ತು ಬರಲಿಲ್ಲವೋ, ನಾಯಿ ಇಡೀ ಬೋರ್ಡನ್ನು ಕಚ್ಚಿ ರೀಸೆಟ್ ಮಾಡುತ್ತದೆ. ನಮ್ಮ ನಾಯಿ ಯಾಕೆ ಕಚ್ಚಲಿಲ್ಲ? ಕೋಡ್ ತೆರೆದು ನೋಡಿದೆ. ನೀನು ಬಿಸ್ಕತ್ತು ಹಾಕುವ ಸಾಲನ್ನು ಟೈಮರ್ ಇಂಟರಪ್ಟಿನ ಒಳಗೆ ಬರೆದಿದ್ದೀಯ. ಹಸಿರು ದೀಪ ಮಿನುಗಿಸುವ ಸಾಲಿನ ಕೆಳಗೇ. ಪಕ್ಕದಲ್ಲಿ ನಿನ್ನ ಟಿಪ್ಪಣಿ: "ಇನ್ನು ಇದು ಸಾಯಲ್ಲ".

ಸಾಯಲಿಲ್ಲ ಕಣೋ, ಅದೇ ತೊಂದರೆ. ಇಂಟರಪ್ಟಿಗೆ ಮುಖ್ಯ ಪ್ರೋಗ್ರಾಮ್ ಏನಾಯಿತು ಅನ್ನುವ ಪರಿವೆಯೇ ಇಲ್ಲ. ಟೈಮರ್ ಕರೆದಾಗೆಲ್ಲ ಏಳುತ್ತದೆ, ದೀಪ ಮಿನುಗಿಸುತ್ತದೆ, ನಾಯಿಗೆ ಬಿಸ್ಕತ್ತು ಎಸೆಯುತ್ತದೆ, ಮಲಗುತ್ತದೆ. ಮುಖ್ಯ ಲೂಪು ಬೆಳಗಿನ ಜಾವದಿಂದ ಬಾಗಿಲಲ್ಲಿ ನಿಂತು ಕಾಯುತ್ತಿದೆ. ನಾಯಿಗೆ ಹೊಟ್ಟೆ ತುಂಬಿದೆ. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿದೆ.

ಹವಳಕ್ಕೆ ಏನೂ ಆಗಿಲ್ಲ, ಗಾಬರಿ ಬೇಡ. 27 ಡಿಗ್ರಿ ಅವಕ್ಕೆ ಹೊಸದೇನಲ್ಲ, ಸಮುದ್ರದಲ್ಲೂ ಕಾಣುವಂಥದ್ದೇ. ಹವಳ ಬಿಳಿಚುವುದು ಆ ಜಾಗದ ಬೇಸಿಗೆಯ ಗರಿಷ್ಠಕ್ಕಿಂತ ಬಿಸಿ ಹೆಚ್ಚಾಗಿ, ವಾರಗಟ್ಟಲೆ ಹಾಗೇ ಕೂತಾಗ. ಉಪ್ಪು ಸಾವಿರಕ್ಕೆ 35ರಿಂದ 36ರ ಕಡೆ ಹೋಗಿತ್ತು, ಸಿಹಿನೀರು ನಿಧಾನಕ್ಕೆ ಬಿಟ್ಟು ಸರಿಮಾಡಿದೆ. ದೊಡ್ಡಮ್ಮ, ಅದೇ ನಮ್ಮ ಹೆಣ್ಣು ಮೀನು, ಎಂದಿನಂತೆ ತನ್ನ ಗಂಡನನ್ನು ಮೂಲೆಗೆ ಅಟ್ಟುತ್ತಾ ಆರೋಗ್ಯವಾಗಿದ್ದಾಳೆ.

ಪತ್ರ ಇಲ್ಲಿಗೇ ಮುಗಿಸಬಹುದಿತ್ತು. ಒಂದು ವಿಷಯ ಬಿಟ್ಟಿದ್ದೇನೆ. ನೀನು ಹುಷಾರು, ಹೇಗಿದ್ದರೂ ಕೇಳುತ್ತೀಯ: ದೀಪ?

ಹೌದು. ದೀಪವೂ ಅದೇ ಡಬ್ಬಿಯ ಕೈಯಲ್ಲಿದೆ. ಬೆಳಿಗ್ಗೆ ನಿಧಾನಕ್ಕೆ ನೀಲಿ, ಆಮೇಲೆ ಬಿಳಿ, ಅಂತ ನೀನೇ ಸೂರ್ಯೋದಯ ಬರೆದಿದ್ದೆ. 2:17ಕ್ಕೆ ನಿಂತವನಿಗೆ ಎಲ್ಲಿಯ ಸೂರ್ಯೋದಯ? ಟ್ಯಾಂಕು ಇಡೀ ದಿನ ಕತ್ತಲಲ್ಲಿತ್ತು. ಹವಳಕ್ಕೆ ಅದೂ ದೊಡ್ಡ ವಿಷಯವಲ್ಲ. ಕೆಟ್ಟ ಪಾಚಿ ಹೆಚ್ಚಾದಾಗ ಜನ ಬೇಕಂತಲೇ ಮೂರು ದಿನ ದೀಪ ಹಾಕುವುದಿಲ್ಲ. ಆದರೆ ನಾನು ಆ ಇಡೀ ದಿನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಟ್ಯಾಂಕಿನ ಮುಂದೆ ಹಾದುಹೋದೆ. ಮಧ್ಯಾಹ್ನ ಅದರ ಎದುರಿನ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದೆ. ಹೊತ್ತಿಗೆ ಸರಿಯಾಗಿ ಮೀನಿಗೆ ಊಟ ಹಾಕಿದೆ. ಕತ್ತಲಲ್ಲಿ. ಹ್ಯಾಮರ್ ಹವಳ ಸುರುಟಿಕೊಂಡು ಕೂತಿತ್ತು, ಅದನ್ನೂ ನೋಡಿರಬೇಕು. ನನ್ನ ಕಣ್ಣು ಹೋಗಿದ್ದು ಹಸಿರು ದೀಪದ ಕಡೆ. ಮಿನುಗುತ್ತಿದೆ, ಸರಿ, ಮುಂದಿನ ಕೆಲಸ. ಪಂಪು ಗೊರಗೊರ ಅನ್ನದಿದ್ದರೆ ಮಾರನೇ ದಿನವೂ ಗೊತ್ತಾಗುತ್ತಿರಲಿಲ್ಲವೇನೋ.

ಆ ರಾತ್ರಿ ನಿನ್ನ ಕೋಡ್ ಓದುತ್ತಾ ನಿನ್ನನ್ನು ಚೆನ್ನಾಗಿ ಬೈಯೋಣ ಅಂತ ಕೂತವನಿಗೆ ಬೈಗುಳವೇ ಬರಲಿಲ್ಲ. ಆ ಸಾಲು ಎಲ್ಲೋ ನೋಡಿದ ಹಾಗಿತ್ತು. ನೀನು ದಿನಾ ಕಳಿಸುವ "ಹೇಗಿದ್ದೀಯ" ಇದೆಯಲ್ಲ, ಅದಕ್ಕೆ ನಾನು "ಸೂಪರ್" ಅಂತ ಬರೆದಾಗಿರುತ್ತದೆ, ನಿನ್ನ ಪ್ರಶ್ನೆಯನ್ನು ಇನ್ನೂ ಓದಿರುವುದಿಲ್ಲ. ಒಳಗಿಂದ ಊಟಕ್ಕೆ ಕರೆದರೆ "ಬಂದೆ" ಅನ್ನುತ್ತೇನೆ. ಮೀಟಿಂಗಿನಲ್ಲಿ ಸರಿಯಾದ ಜಾಗದಲ್ಲಿ ನಗುತ್ತೇನೆ. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಯಾರೂ ಗಾಬರಿಯಾಗುವ ಹಾಗಿಲ್ಲ. ಬಿಸ್ಕತ್ತು ಬೀಳುತ್ತಲೇ ಇದೆ.

ಹ್ಯಾಮರ್ ಹವಳ ಎರಡು ತಲೆಯಾಗಿ ಒಡೆದಾಗ ಫೋಟೊ ಹಾಕಿದ್ದೆ, ನೆನಪಿದೆಯಾ? ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಅದಕ್ಕೆ ಹೃದಯ ಒತ್ತಿದವರಲ್ಲಿ ಅರ್ಧ ಜನ ಇದನ್ನೂ ಓದುತ್ತಿದ್ದಾರೆ ಅಂತ ಗೊತ್ತು. ವರ್ಷಗಟ್ಟಲೆ ಕಾದಿದ್ದೆ ಆ ಎರಡನೇ ತಲೆಗೆ. ಅದನ್ನು ನೋಡಿದಾಗ ನನಗೆ ಏನೂ ಆಗಲಿಲ್ಲ ಕಣೋ. ಬೇಜಾರೂ ಆಗಲಿಲ್ಲ. ಇಂಥ ಹೊತ್ತಲ್ಲಿ ಖುಷಿಯಾಗುತ್ತದೆ ಅನ್ನುವುದು ನೆನಪಿತ್ತು, ಆ ನೆನಪಿನ ಪ್ರಕಾರ ಚಿಹ್ನೆ ಹಾಕಿದೆ. ಡಬ್ಬಿಯಾದರೆ ಪರದೆ ಮೇಲೆ 2:17 ಅಂತ ಬರೆದುಕೊಂಡು ನಿಂತಿತ್ತು, ಎಲ್ಲಿ ನಿಂತೆ ಅಂತ ತಿಳಿಯಿತು. ನಾನು ಯಾವಾಗ ನಿಂತೆ ಅಂತ ಹುಡುಕಿದರೆ ಸಿಗುತ್ತಿಲ್ಲ. ಹೋದ ಮಳೆಗಾಲವೋ, ಅದಕ್ಕೂ ಮುಂಚೆಯೋ. ದೊಡ್ಡ ಘಟನೆ ಏನೂ ಇಲ್ಲ. ಅದೇ ಸ್ವಲ್ಪ ಹೆದರಿಸುತ್ತಿದೆ.

ಥೂ. ರಿಲೇಯ ಕಿಡಿ ತಣಿಸುವ ಸ್ನಬರ್ ಬಗ್ಗೆ ಎರಡು ಸಾಲು ಬರೆಯಲು ಕೂತವನು ಎಲ್ಲಿಗೆ ಬಂದೆ ನೋಡು. ನೀನು ಈಗಲೇ ಚೀಲ ಕಟ್ಟಿಕೊಂಡು ಹೊರಡಬೇಡ. ಇದನ್ನು ಓದಿ ನಮ್ಮ ಅಕ್ಕ ಫೋನ್ ಮಾಡುತ್ತಾಳೆ, ಇಲ್ಲಿ ಬರೆದದ್ದೆಲ್ಲ ಸರ್ಕ್ಯೂಟಿನ ವಿಷಯ ಅಂತ ಅವಳಿಗೆ ನೀನೂ ಹೇಳಬೇಕು. ಒಂದು ಮೀನಿನ ತೊಟ್ಟಿಯ ಮುಂದೆ ಕೂತು ತತ್ವಜ್ಞಾನಿಯಾಗುವ ವಯಸ್ಸು ನನಗೆ ಇಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ. ತಲೆಗೂದಲು ಹೋದ ವೇಗಕ್ಕೆ ಇದೂ ಸರಿಹೊಂದುತ್ತದೆ ಬಿಡು.

ಡಬ್ಬಿಗೆ ಮಾಡಿದ ಚಿಕಿತ್ಸೆ ಕೇಳು. ರಿಲೇಯ ತುದಿಗಳ ನಡುವೆ 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಸ್ನಬರ್ ಕೂರಿಸಿದೆ. ಕೆಪಾಸಿಟರ್ ಮಾಮೂಲಿದಲ್ಲ, ಮೇನ್ಸ್ ವೋಲ್ಟೇಜಿಗೆ ಅಂತಲೇ ಬರುವ ಎಕ್ಸ್2 ಜಾತಿಯದು. ಪಂಪಿನ ತಂತಿ ಡಬ್ಬಿಯ ಒಂದು ಬದಿ, ಐ2ಸಿ ತಂತಿ ಇನ್ನೊಂದು ಬದಿ. ಲೈಬ್ರರಿಯ ಟೈಮ್‌ಔಟ್ ಆನ್ ಮಾಡಿದೆ. ನಿನ್ನ ಸಾಲನ್ನು ಇಂಟರಪ್ಟಿನಿಂದ ಕಿತ್ತು ಮುಖ್ಯ ಲೂಪಿನ ಕೊನೆಗೆ ಹಾಕಿದೆ. ಅದಕ್ಕೂ ಒಂದು ಷರತ್ತು: ತಾಪಮಾನ ಓದಿದವನು, ನೀರಿನ ಮಟ್ಟ ನೋಡಿದವನು, ಗಡಿಯಾರ ಕೇಳಿದವನು, ದೀಪ ನಡೆಸುವವನು, ನಾಲ್ಕೂ ಜನ ತಮ್ಮ ತಮ್ಮ ಬಾವುಟ ಎತ್ತಿದ್ದರೆ ಮಾತ್ರ ಬಿಸ್ಕತ್ತು. ಒಬ್ಬ ಎತ್ತದಿದ್ದರೂ ನಾಯಿ ಹಸಿದಿರಲಿ. ಬೇಕಂತಲೇ ಐ2ಸಿ ತಂತಿ ಕಿತ್ತು ನೋಡಿದೆ. ಗಡಿಯಾರದವನ ಬಾವುಟ ಏಳಲಿಲ್ಲ, 8 ಸೆಕೆಂಡಿಗೆ ಕಚ್ಚಿತು. ನಿನ್ನ "ಇನ್ನು ಇದು ಸಾಯಲ್ಲ" ಟಿಪ್ಪಣಿ ಅಳಿಸಿಲ್ಲ. ಮುಂದಿನ ಪೀಳಿಗೆಗೆ ಇರಲಿ.

ಮತ್ತೆ, "ಹೇಗಿದ್ದೀಯ" ಅಂತ ಕೇಳುವುದನ್ನು ನಿಲ್ಲಿಸು. ಅದಕ್ಕೆ ಇಂಟರಪ್ಟೇ ಉತ್ತರ ಕೊಟ್ಟುಬಿಡುತ್ತದೆ. ಹ್ಯಾಮರ್ ಇವತ್ತು ಎಷ್ಟು ಅರಳಿದೆ, ಸೀಗಡಿ ಸಾಹೇಬರು ಯಾವ ಕಲ್ಲಿನ ಕೆಳಗಿದ್ದಾರೆ, ಇಂಥದ್ದೇನಾದರೂ ಕೇಳು. ಎದ್ದು ಹೋಗಿ ನೋಡಿ ಬರಬೇಕಾಗುತ್ತದೆ. ಉತ್ತರ ತಡವಾದರೆ ಬೊಗಳು.

ನನ್ನ ಸಣ್ಣ ಮೂತಿಯ ಸೋಲ್ಡರಿಂಗ್ ಐರನ್ ನಿನ್ನ ಹತ್ತಿರವೇ ಇದೆ. ಇಲ್ಲ ಅನ್ನಬೇಡ, ಫೋಟೊ ಇದೆ.

ಇಂತಿ,
ನಿನ್ನ ಕೋಡಿನ ಬಲಿಪಶು